ಬಾರದ ಖಜಾಂಚಿ, ಬೀಗ ಹಾಕಿದ ಪೆಟ್ಟಿಗೆ

ಸಂಪಾದಕರಿಗೆ,

ಮಾನ್ಯರೇ,

ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದ ಸಣ್ಣಪುಟ್ಟ ಸಂಘಗಳೆಲ್ಲ ಈಗ ವಾರ್ಷಿಕ ಮಹಾಸಭೆಯ ತಯಾರಿಯಲ್ಲಿವೆ. ಹವ್ಯಾಸಿ ನಾಟಕ ತಂಡ, ಯಕ್ಷಗಾನ ಸಂಘ, ಗಮಕ ಕಲಿಯುವವರ ಕೂಟ, ಅಂಚೆಚೀಟಿ ಸಂಗ್ರಾಹಕರ ಬಳಗ, ಚೆಸ್ ಕ್ಲಬ್ಬು ಹೀಗೆ ಊರಿಗೆ ನಾಲ್ಕಾರು. ಇಪ್ಪತ್ತು ಮೂವತ್ತು ಸದಸ್ಯರು, ಏಳು ಜನರ ಸಮಿತಿ, ಬ್ಯಾಂಕಿನಲ್ಲಿ ನಲವತ್ತೋ ಐವತ್ತೋ ಸಾವಿರ. ಇಂಥ ಕಡೆ ಮಹಾಸಭೆ ಮುಂದಕ್ಕೆ ಹೋಯಿತೆಂದರೆ ಕೇಳಿಬರುವ ಕಾರಣ ಸಾಮಾನ್ಯವಾಗಿ ಒಂದೇ: ‘ಖಜಾಂಚಿಯವರು ಸಿಗುತ್ತಿಲ್ಲ.’ ಕೆಲವೆಡೆ ಕಾರ್ಯದರ್ಶಿ. ಹೆಚ್ಚಿನವರು ಜಗಳವಾಡಿ ಹೋದವರಲ್ಲ, ದುಡ್ಡು ತಿಂದವರೂ ಅಲ್ಲ. ವರ್ಗವಾಗಿರುತ್ತದೆ, ಮನೆಯಲ್ಲಿ ಯಾರಿಗೋ ಹುಷಾರಿರುವುದಿಲ್ಲ, ಮಗಳ ಬಾಣಂತನಕ್ಕೆಂದು ಪರವೂರಿಗೆ ಹೋದವರು ಅಲ್ಲೇ ನಿಂತಿರುತ್ತಾರೆ. ಮೊದಲ ಎರಡು ಸಭೆ ತಪ್ಪಿಸಿಕೊಂಡವರಿಗೆ ಮೂರನೆಯದಕ್ಕೆ ಬರಲು ನಾಚಿಕೆ, ಆಮೇಲೆ ಫೋನ್ ಎತ್ತಲೂ ನಾಚಿಕೆ. ಇತ್ತ ಸಮಿತಿಯವರಿಗೆ ದಾಕ್ಷಿಣ್ಯ. ಹೀಗೇ ಒಂದು ವರ್ಷ ಉರುಳಿಹೋಗುತ್ತದೆ.

ಇದರಲ್ಲಿ ಸಮಿತಿಗಳು ಮಾಡುವ ಮೊದಲ ತಪ್ಪು ‘ಯಾಕೆ ಬರುತ್ತಿಲ್ಲ’ ಎಂದು ವಿಚಾರಿಸುತ್ತ ಕೂರುವುದು. ಕಾರಣ ಅವರವರ ಮನೆಯ ಮಾತು. ಸಂಘಕ್ಕೆ ಬೇಕಾದದ್ದು ಅವರ ಬೀರುವಿನ ಮೇಲಿರುವ ಬಟ್ಟೆಚೀಲ. ಅದರಲ್ಲಿ ಚೆಕ್‌ಬುಕ್, ಪಾಸ್‌ಬುಕ್, ನಗದು ಪುಸ್ತಕ, ವೋಚರ್ ಕಡತ, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳು, ಸಂಘದ ಪ್ಯಾನ್ ಕಾರ್ಡು, ಸೀಲು ಇರುತ್ತವೆ. ಕಾರ್ಯದರ್ಶಿಯ ಚೀಲವಾದರೆ ನಡಾವಳಿ ಪುಸ್ತಕ, ಹಾಜರಿ ಪುಸ್ತಕ, ಸದಸ್ಯರ ಪಟ್ಟಿ, ನೋಂದಣಿ ಪ್ರಮಾಣಪತ್ರದ ಮೂಲಪ್ರತಿ. ಮನುಷ್ಯ ಇವತ್ತಲ್ಲ ನಾಳೆ ಬಂದಾರು, ಬಾರದೆಯೂ ಇದ್ದಾರು. ಚೀಲ ಮಾತ್ರ ಈ ತಿಂಗಳೇ ಬರಬೇಕು. ಅದನ್ನು ತರುವ ಕೆಲಸವನ್ನೂ ‘ಅವರನ್ನು ಏನು ಮಾಡೋಣ’ ಎಂಬ ಚರ್ಚೆಯನ್ನೂ ಒಂದಕ್ಕೊಂದು ಗಂಟುಹಾಕಬೇಡಿ. ಗಂಟುಹಾಕಿದರೆ ಎರಡೂ ನಿಲ್ಲುತ್ತವೆ.

ಚೀಲ ಕೇಳುವ ಕ್ರಮ ಹೀಗಿರಲಿ. ಮೊದಲು ಫೋನು, ಆಮೇಲೆ ಮನೆಗೆ ಇಬ್ಬರು. ಒಬ್ಬರೇ ಹೋಗಬಾರದು, ಐದು ಜನ ದಂಡು ಕಟ್ಟಿಕೊಂಡೂ ಹೋಗಬಾರದು. ಹೋಗುವವರ ಕೈಯಲ್ಲಿ ಎರಡು ಪ್ರತಿ ಹಸ್ತಾಂತರ ಪಟ್ಟಿ ಇರಬೇಕು. ಸುಮ್ಮನೆ ‘ಚೆಕ್‌ಬುಕ್ 1’ ಎಂದು ಬರೆದರೆ ಅದು ಪಟ್ಟಿಯಾಗದು. ಬಳಸದೆ ಉಳಿದಿರುವ ಚೆಕ್ ಹಾಳೆಗಳ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ, ರಸೀದಿ ಪುಸ್ತಕ ಎಷ್ಟರಿಂದ ಎಷ್ಟರವರೆಗೆ, ಕೊನೆಗೆ ಹರಿದ ರಸೀದಿಯ ಸಂಖ್ಯೆ, ನಗದು ಪುಸ್ತಕದಲ್ಲಿ ಕೊನೆಯ ನಮೂದಿನ ತಾರೀಕು, ಕೈಯಲ್ಲಿರುವ ನಗದು. ಕೊಟ್ಟವರು, ಪಡೆದವರು ಇಬ್ಬರೂ ಎರಡೂ ಪ್ರತಿಗೆ ಸಹಿ ಹಾಕಿ ಒಂದನ್ನು ಅಲ್ಲೇ ಕೊಟ್ಟುಬರಬೇಕು. ಈ ಕಾಗದ ಸಂಘಕ್ಕೆ ಎಷ್ಟು ರಕ್ಷಣೆಯೋ ಹೋದ ಖಜಾಂಚಿಗೂ ಅಷ್ಟೇ ರಕ್ಷಣೆ. ಇದನ್ನು ಅವರಿಗೆ ಬಿಡಿಸಿ ಹೇಳಿದರೆ ಅರ್ಧ ಸಂಕೋಚ ಅಲ್ಲೇ ಕರಗುತ್ತದೆ. ಜೊತೆಗೆ ಎರಡು ಸಾಲಿನ ರಾಜೀನಾಮೆ ಪತ್ರವನ್ನೂ ಟೈಪ್ ಮಾಡಿಸಿಕೊಂಡು ಹೋಗಿ, ತಾರೀಕು ಮತ್ತು ಸಹಿಗೆ ಜಾಗ ಬಿಟ್ಟು. ‘ವೈಯಕ್ತಿಕ ಕಾರಣಗಳಿಂದ’ ಎಂಬ ಎರಡು ಪದ ಸಾಕು. ತಾವೇ ಕೂತು ಬರೆಯಲು ಆಗದವರೂ ಬರೆದದ್ದಕ್ಕೆ ಸಹಿ ಹಾಕುತ್ತಾರೆ. ಇದು ಬಂದರೆ ಮುಂದೆ ನಾವು ಹೇಳುವ ಅರ್ಧ ಕೆಲಸ ಬೇಕಾಗುವುದೇ ಇಲ್ಲ.

ಪದಾಧಿಕಾರಿ ತೀರಿಕೊಂಡಿದ್ದರೆ ಹದಿಮೂರು ದಿನ ಆ ಮನೆಯಲ್ಲಿ ಪುಸ್ತಕದ ಮಾತೆತ್ತಬೇಡಿ. ಬ್ಯಾಂಕಿಗೆ ಹೋಗಿ ಅವರು ಇಲ್ಲ ಎಂಬುದನ್ನು ಮಾತ್ರ ಲಿಖಿತವಾಗಿ ತಿಳಿಸಿ ಬನ್ನಿ. ಸಂಘದ ಖಾತೆ ಸಂಘದ ಆಸ್ತಿ, ಸಹಿ ಮಾಡುತ್ತಿದ್ದವರ ವಾರಸುದಾರರಿಗೂ ಅದಕ್ಕೂ ಸಂಬಂಧವಿಲ್ಲ. ಮರಣ ಪ್ರಮಾಣಪತ್ರದ ಪ್ರತಿ ಆಮೇಲೆ ಕೊಡಬಹುದು.

ಮನೆಗೆ ಹೋದರೂ ಸಿಗಲಿಲ್ಲವೆಂದಾದರೆ ಪತ್ರ. ಪತ್ರದಲ್ಲಿ ಆಪಾದನೆ ಬೇಡ. ಬೇಕಾದ ವಸ್ತುಗಳ ಪಟ್ಟಿ, 15 ದಿನದ ಗಡುವು, ತಲುಪಿಸಬೇಕಾದವರ ಹೆಸರು, ‘ಬರಲು ತೊಂದರೆಯಿದ್ದರೆ ತಿಳಿಸಿ, ನಾವೇ ಬಂದು ಒಯ್ಯುತ್ತೇವೆ’ ಎಂಬ ಸಾಲು, ಅಷ್ಟೇ. ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ‘ರಿಜಿಸ್ಟರ್ಡ್ ಅಂಚೆಯ ಮೂಲಕ’ ಎಂದಿದ್ದರೆ ಗಾಬರಿ ಬೇಡ. 2025ರಲ್ಲಿ ಅಂಚೆ ಇಲಾಖೆ ಆ ಸೇವೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದೆ. ಕೌಂಟರಿನಲ್ಲಿ ನೋಂದಣಿ ಸಮೇತ ಎಂದು ಕೇಳಿ, ತಲುಪಿದ್ದಕ್ಕೆ ಪುರಾವೆ ಪಡೆದು, ರಸೀದಿಯನ್ನು ನಡಾವಳಿ ಪುಸ್ತಕದ ಅದೇ ಪುಟಕ್ಕೆ ಅಂಟಿಸಿ. ಲಕೋಟೆ ‘ಮನೆ ಬೀಗ ಹಾಕಿದೆ’ ಎಂದು ವಾಪಸು ಬಂದರೆ ಒಡೆಯದೆ ಹಾಗೇ ಇಟ್ಟುಕೊಳ್ಳಿ. ಅದೂ ದಾಖಲೆಯೇ. ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬಂದವು ಎಂಬುದನ್ನು ನೋಟಿಸು ಕೊಟ್ಟಂತೆ ಎಂದು ಎಣಿಸಬೇಡಿ, ಬೈಲಾದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಸರಿ.

ಇನ್ನು ಸ್ಥಾನ ತೆರವು ಮಾಡುವ ವಿಚಾರ. ಎಲ್ಲೆಲ್ಲೂ ಎಡವುವುದು ಇಲ್ಲಿ. ‘ಸತತ ಮೂರು ಸಭೆಗಳಿಗೆ ಕಾರಣ ತಿಳಿಸದೆ ಗೈರುಹಾಜರಾದವರ ಸ್ಥಾನ ತಾನಾಗಿಯೇ ತೆರವಾಗುತ್ತದೆ’ ಎಂಬ ಸಾಲು ಅನೇಕ ಬೈಲಾಗಳಲ್ಲಿರುತ್ತದೆ. ಓದಲು ಸಲೀಸು. ಆದರೆ ವರ್ಷಕ್ಕೆ ಎರಡೇ ಸಭೆ ಸೇರುವ ಸಂಘದಲ್ಲಿ ಮೂರು ಸಭೆ ಮುಗಿಯಲು ಒಂದೂವರೆ ವರ್ಷ ಬೇಕು. ಮೂರಕ್ಕೂ ಅವರಿಗೆ ನೋಟಿಸು ಹೋಗಿತ್ತೇ? ಹೋಗಿಲ್ಲದಿದ್ದರೆ ಆ ಗೈರುಹಾಜರಿ ಲೆಕ್ಕಕ್ಕೆ ಬರುವುದಿಲ್ಲ. ಗೈರಾದರು ಎನ್ನಲು ಹಾಜರಿ ಪುಸ್ತಕ ಎಲ್ಲಿದೆ? ಗೈರಾದ ಕಾರ್ಯದರ್ಶಿಯ ಮನೆಯಲ್ಲೇ! ಇನ್ನು ‘ತಾನಾಗಿಯೇ’ ಎಂಬ ಮಾತನ್ನು ಬ್ಯಾಂಕಿನವರಾಗಲಿ ನೋಂದಣಾಧಿಕಾರಿಯವರಾಗಲಿ ಒಪ್ಪುವುದಿಲ್ಲ. ಯಾವ ದಿನ, ಯಾವ ಸಭೆ, ಯಾವ ನಿರ್ಣಯ ಎಂದು ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಮ್ಮ ಶಾಸಕರ ವಿಚಾರದಲ್ಲೂ ಸಂವಿಧಾನದ 190(4)ನೇ ವಿಧಿ ಹೇಳುವುದು ಇಷ್ಟೇ: ಅನುಮತಿಯಿಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಸದನವು ಆ ಸ್ಥಾನ ತೆರವಾಗಿದೆಯೆಂದು ಘೋಷಿಸಬಹುದು. ಸ್ಥಾನ ತಾನಾಗಿ ಬೀಳುವುದಿಲ್ಲ, ಸದನ ಘೋಷಿಸಬೇಕು. ಕಂಪನಿಗಳಿಗೆ ಮಾತ್ರ ಕಾನೂನು ಬಿಗಿ. 2013ರ ಕಾಯ್ದೆಯ 167ನೇ ಕಲಂ ಪ್ರಕಾರ 12 ತಿಂಗಳು ಮಂಡಳಿಯ ಒಂದು ಸಭೆಗೂ ಬಾರದ ನಿರ್ದೇಶಕರು, ರಜೆ ಕೇಳಿರಲಿ ಬಿಡಲಿ, ಸ್ಥಾನ ಕಳೆದುಕೊಳ್ಳುತ್ತಾರೆ. ಹವ್ಯಾಸದ ಸಂಘಕ್ಕೆ ಅಷ್ಟು ಬಿಗಿ ಬೇಡ, ಶಾಸಕರಿಗಿರುವಷ್ಟು ಸಡಿಲವೂ ಬೇಡ.

ಬೈಲಾ ತಿದ್ದುವ ಮನಸ್ಸಿರುವವರು ಈ ಧಾಟಿಯಲ್ಲಿ ಬರೆಯಬಹುದು: ‘ಸಮಿತಿಯ ಅನುಮತಿಯಿಲ್ಲದೆ ಸತತ ಮೂರು ಸಭೆಗಳಿಗೆ ಅಥವಾ ಕನಿಷ್ಠ ಒಂದು ಸಭೆಯಾದರೂ ನಡೆದಿರುವ 90 ದಿನಗಳ ಅವಧಿಗೆ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟಕ್ಕೆ, ಗೈರಾದ ಪದಾಧಿಕಾರಿಗೆ ಲಿಖಿತ ತಿಳಿವಳಿಕೆ ಕೊಟ್ಟು, 15 ದಿನ ಕಾದು, ಸಮಿತಿಯು ನಿರ್ಣಯದ ಮೂಲಕ ಸ್ಥಾನ ತೆರವಾಗಿದೆಯೆಂದು ದಾಖಲಿಸತಕ್ಕದ್ದು.’ ‘ಕನಿಷ್ಠ ಒಂದು ಸಭೆ’ ಎಂಬುದನ್ನು ಬಿಟ್ಟರೆ, ಸಭೆಯನ್ನೇ ಕರೆಯದೆ ಮೂರು ತಿಂಗಳು ಸುಮ್ಮನಿದ್ದು ಬೇಡದವರನ್ನು ತೆಗೆಯುವ ದಾರಿ ತೆರೆದಂತೆ. ತಿದ್ದುಪಡಿ ನೋಂದಣಾಧಿಕಾರಿಯವರಲ್ಲಿ ದಾಖಲಾಗುವವರೆಗೂ ಹಳೆಯ ಬೈಲಾವೇ ಬೈಲಾ.

ತೆರವಾಗುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಎರಡನೆಯ ಸಭೆಗೂ ಖಜಾಂಚಿ ಬರಲಿಲ್ಲವೆಂದರೆ ಅವತ್ತೇ ‘ಖಜಾಂಚಿಯವರು ಮರಳುವವರೆಗೆ ಅಥವಾ ಮೂರು ತಿಂಗಳವರೆಗೆ’ ಎಂದು ಪ್ರಭಾರ ಖಜಾಂಚಿಯೊಬ್ಬರನ್ನು ನೇಮಿಸಿ ನಡಾವಳಿಯಲ್ಲಿ ಬರೆಯಿರಿ. ಇದು ಯಾರಿಗೂ ಅವಮಾನವಲ್ಲ. ಕಾರ್ಯದರ್ಶಿ ಇಲ್ಲದಿದ್ದರೆ ಜಂಟಿ ಕಾರ್ಯದರ್ಶಿ, ಅವರೂ ಇಲ್ಲದಿದ್ದರೆ ಆ ದಿನದ ನಡಾವಳಿ ಬರೆಯಲು ಹಾಜರಿದ್ದವರಲ್ಲೇ ಒಬ್ಬರನ್ನು ಆರಿಸಿ, ಆರಿಸಿದ್ದನ್ನೇ ಮೊದಲ ಸಾಲಾಗಿ ಬರೆದರಾಯಿತು. ಅಧ್ಯಕ್ಷರು ಬಾರದಿರುವುದು ನಿಜಕ್ಕೂ ಸಣ್ಣ ವಿಷಯ. ಉಪಾಧ್ಯಕ್ಷರು ಕೂರುತ್ತಾರೆ, ಕೆಲಸ ನಡೆಯುತ್ತದೆ.

ಖಾಲಿಯಾದ ಸ್ಥಾನ ತುಂಬುವ ಸಭೆಯ ಕಾರ್ಯಸೂಚಿಯಲ್ಲಿ ‘ತೆರವಾದ ಖಜಾಂಚಿ ಸ್ಥಾನಕ್ಕೆ ನೇಮಕ ಹಾಗೂ ಬ್ಯಾಂಕ್ ಖಾತೆಯ ಸಹಿ ಬದಲಾವಣೆ’ ಎಂದು ಬಿಡಿಸಿ ಬರೆಯಿರಿ. ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರೆ ವಿಷಯಗಳು’ ಎಂಬ ಕೊನೆಯ ಸಾಲಿನೊಳಗೆ ಇದನ್ನು ತುರುಕಿದರೆ, ನಾಳೆ ಯಾರಾದರೂ ತಕರಾರು ತೆಗೆದಾಗ ನಿಲ್ಲುವುದಿಲ್ಲ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಲ್ಲವೆಂದು ಅರ್ಧ ಗಂಟೆ ಮುಂದೂಡಿ ನಡೆಸುವ ಸಭೆಯಲ್ಲಂತೂ ಕಾರ್ಯಸೂಚಿಯಲ್ಲಿ ಇಲ್ಲದ್ದನ್ನು ಮುಟ್ಟಲೇಬಾರದು.

ಬ್ಯಾಂಕಿನ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಮೂರು ಮೂರು ಸಲ ಅಲೆದಾಡಿಸುವುದು ಇದೇ. ‘ಖಜಾಂಚಿಯನ್ನು ಬದಲಾಯಿಸಲಾಯಿತು’ ಎಂಬ ಒಂದು ಸಾಲಿನ ನಿರ್ಣಯ ಒಯ್ದರೆ ವಾಪಸು ಬರುವುದು ಖಂಡಿತ. ನಿರ್ಣಯದಲ್ಲಿ ಸಭೆಯ ತಾರೀಕು ಮತ್ತು ಸ್ಥಳ, ಹಾಜರಿದ್ದವರ ಸಂಖ್ಯೆ, ಖಾತೆ ಸಂಖ್ಯೆ, ಸಹಿಯ ಅಧಿಕಾರ ಹಿಂತೆಗೆದುಕೊಂಡವರ ಹೆಸರು, ಹೊಸದಾಗಿ ಅಧಿಕಾರ ಪಡೆದವರ ಹೆಸರು, ಯಾವ ದಿನದಿಂದ, ಖಾತೆ ನಡೆಸುವ ಬಗೆ, ಸೂಚಕರು, ಅನುಮೋದಕರು ಎಲ್ಲವೂ ಇರಬೇಕು. ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಊರವರೆಲ್ಲ ‘ಮೇಷ್ಟ್ರು’ ಎಂದು ಕರೆದರೂ, ನಾಟಕದ ಕರಪತ್ರದಲ್ಲಿ ಇನಿಷಿಯಲ್ ಹಿಂದುಮುಂದಾಗಿದ್ದರೂ ಇಲ್ಲಿ ಅದು ನಡೆಯದು. ಲೆಟರ್‌ಹೆಡ್ಡಿನ ಮೇಲೆ ನಿರ್ಣಯದ ದೃಢೀಕೃತ ಪ್ರತಿ, ಬೈಲಾ ಪ್ರತಿ, ಈಗಿನ ಸಮಿತಿಯ ಪಟ್ಟಿ, ಹೊಸಬರ ಕೆವೈಸಿ ಮತ್ತು ಫೋಟೋ, ಸೀಲು ತೆಗೆದುಕೊಂಡು ಹೋಗಿ. ಹೋಗುವ ಮುನ್ನ ಆ ಶಾಖೆಯ ನಮೂನೆ ತಂದು ನೋಡಿಕೊಳ್ಳಿ, ಒಂದೊಂದು ಬ್ಯಾಂಕಿನದು ಒಂದೊಂದು ತರಹ.

ಖಾತೆ ನಡೆಸುವ ಬಗೆಯಲ್ಲೇ ಮದ್ದೂ ಇದೆ. ‘ಅಧ್ಯಕ್ಷರು ಮತ್ತು ಖಜಾಂಚಿ ಜಂಟಿಯಾಗಿ’ ಎಂದಿದ್ದರೆ ಇಬ್ಬರಲ್ಲಿ ಒಬ್ಬರು ಕಾಣೆಯಾದರೂ ಹಣ ನಿಂತಿತು. ‘ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಯಾರಾದರೂ ಇಬ್ಬರು’ ಎಂದು ಬರೆಸಿದರೆ ಒಬ್ಬರ ಗೈರು ಒಂದು ಸಮಸ್ಯೆಯೇ ಆಗುವುದಿಲ್ಲ. ಹೀಗಿಲ್ಲದ ಕಡೆ ಜನ ಕಂಡುಕೊಂಡ ಉಪಾಯವೆಂದರೆ ಅಧ್ಯಕ್ಷರು ಐದಾರು ಖಾಲಿ ಚೆಕ್ಕಿಗೆ ಮೊದಲೇ ಸಹಿ ಹಾಕಿ ಖಜಾಂಚಿಗೆ ಕೊಟ್ಟಿರುವುದು. ನಂಬಿಕೆಯ ಮಾತು ಬಿಡಿ, ಆ ಚೀಲ ಬಸ್ಸಿನಲ್ಲಿ ಮರೆತುಹೋದರೆ? ಚೆಕ್‌ಬುಕ್ ಕೈಗೆ ಬಾರದಿದ್ದರೆ ಬಳಸದ ಹಾಳೆಗಳ ಸಂಖ್ಯೆ ಬರೆದು ಅವಕ್ಕೆ ಹಣ ಕೊಡಬೇಡಿ ಎಂದು ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೊಡಿ, ಶುಲ್ಕ ಆಗುತ್ತದೆ, ಆಗಲಿ. ‘ಚೆಕ್ಕಿನ ಆಯುಸ್ಸು ಮೂರೇ ತಿಂಗಳು’ ಎಂದು ನೆಮ್ಮದಿಯಿಂದಿರುವಂತಿಲ್ಲ. ಆ ಮೂರು ತಿಂಗಳು ಎಣಿಕೆಯಾಗುವುದು ಚೆಕ್ಕಿನ ಮೇಲೆ ಬರೆದ ತಾರೀಕಿನಿಂದ. ಖಾಲಿ ಚೆಕ್ಕಿನಲ್ಲಿ ತಾರೀಕೇ ಇಲ್ಲವಲ್ಲ!

ಖಾತೆಯನ್ನು ‘ಅವರು ಬರಲಿ ನೋಡೋಣ’ ಎಂದು ಮುಟ್ಟದೆ ಬಿಟ್ಟರೂ ಕಷ್ಟ. ಎರಡು ವರ್ಷ ನಿಮ್ಮ ಕಡೆಯಿಂದ ಒಂದೂ ವ್ಯವಹಾರ ನಡೆಯದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ವಾಪಸು ಪಡೆಯಬಹುದು, ಆದರೆ ಅಷ್ಟು ಹೊತ್ತಿಗೆ ಸಹಿ ಮಾಡಬೇಕಾದವರು ಯಾರು ಉಳಿದಿರುತ್ತಾರೋ.

ಚೆಕ್ಕಿಗಿಂತ ಅಪಾಯದ್ದು ಬಳಸದ ರಸೀದಿ ಪುಸ್ತಕ. ರಾಜ್ಯೋತ್ಸವ ಹತ್ತಿರ ಬಂದಾಗ ಊರಲ್ಲಿ ಚಂದಾ ಎತ್ತುವವರಿಗೆ ಬೇಕಾಗುವುದು ಅದೊಂದೇ. ಅಚ್ಚುಹಾಕಿಸಿದ ಮುದ್ರಣಾಲಯದ ಬಿಲ್ಲಿನಲ್ಲಿ ಎಷ್ಟರಿಂದ ಎಷ್ಟರವರೆಗೆ ಎಂದಿರುತ್ತದೆ. 1ರಿಂದ 200 ಅಚ್ಚಾಗಿ, 150ರವರೆಗಿನ ಅಡಿಪ್ರತಿಗಳು (ಕೌಂಟರ್‌ಫಾಯಿಲ್) ಮಾತ್ರ ಸಿಕ್ಕರೆ, 151ರಿಂದ 200 ರದ್ದು ಎಂದು ನಿರ್ಣಯ ಮಾಡಿ, ವರ್ಷವೂ ಕೊಡುವ ದಾನಿಗಳಿಗೆ ಒಂದು ಸಾಲಿನಲ್ಲಿ ತಿಳಿಸಿ, ಹೊಸ ಪುಸ್ತಕವನ್ನು 201ರಿಂದ ಬೇರೆ ಬಣ್ಣದಲ್ಲಿ ಅಚ್ಚುಹಾಕಿಸಿ. ಮತ್ತೆ 1ರಿಂದ ಶುರು ಮಾಡಿದರೆ ಒಂದೇ ಸಂಖ್ಯೆಯ ಎರಡು ರಸೀದಿ ಊರಲ್ಲಿ ಓಡಾಡುತ್ತವೆ.

ನಗದು ಪುಸ್ತಕವೇ ಸಿಗದಿದ್ದರೂ ಲೆಕ್ಕ ಕಟ್ಟಬಹುದು. ಕಳೆದ ಸಾಲಿನ ಆಡಿಟ್ ಆದ ಪಟ್ಟಿಯ ಕೊನೆಯ ಶಿಲ್ಕಿನಿಂದ ಹೊರಡಿ. ಬ್ಯಾಂಕಿನಿಂದ ಇಡೀ ವರ್ಷದ ಸ್ಟೇಟ್‌ಮೆಂಟ್ ತೆಗೆಸಿ. ರಂಗಮಂದಿರದ ಬಾಡಿಗೆ, ಲೈಟು, ಮೈಕು, ಪ್ರಸಾಧನ, ಟೆಂಪೋ ಇವರೆಲ್ಲರಿಂದ ಬಿಲ್ಲಿನ ಎರಡನೇ ಪ್ರತಿ ಕೇಳಿ. ಉದಾಹರಣೆಗೆ, ನಾಟಕದ ಹಿಂದಿನ ದಿನ ಸೆಲ್ಫ್ ಚೆಕ್ಕಿನಲ್ಲಿ 15,000 ರೂಪಾಯಿ ತೆಗೆದಿದೆ, ಸಿಕ್ಕ ಬಿಲ್ಲುಗಳ ಮೊತ್ತ 11,200. ಉಳಿದ 3,800ನ್ನು ಏನೆಂದು ಬರೆಯುವುದು? ‘ಇತರೆ ಖರ್ಚು’ ಎಂದು ಮುಚ್ಚಿದರೆ ಸುಳ್ಳಾಗುತ್ತದೆ, ‘ದುರುಪಯೋಗ’ ಎಂದರೆ ಆಪಾದನೆಯಾಗುತ್ತದೆ. ‘ಖಜಾಂಚಿಯವರಿಂದ ಲೆಕ್ಕ ಬರಬೇಕಾದ ಮುಂಗಡ’ ಎಂದು ಆಸ್ತಿಯ ಕಡೆ ತೋರಿಸಿ. ನಾಳೆ ಅವರು ಊಟದ ಬಿಲ್ಲು ತಂದರೆ ಆ ಸಾಲು ಹೊಂದಿಕೊಳ್ಳುತ್ತದೆ, ತಾರದಿದ್ದರೆ ಮಹಾಸಭೆ ತೀರ್ಮಾನಿಸುತ್ತದೆ. ಸದಸ್ಯರು ಖಜಾಂಚಿಯ ಸ್ವಂತ ಫೋನಿಗೆ ಕಳಿಸಿದ ವಂತಿಗೆ ಬೇರೆ ತಲೆನೋವು. ಪ್ರತಿಯೊಬ್ಬರ ಹತ್ತಿರವೂ ಸ್ಕ್ರೀನ್‌ಶಾಟ್ ಕೇಳಿ ಕೂಡಿಸಬೇಕು. ಜಂಟಿ ಸಹಿಯ ಖಾತೆಯಿಂದ ಆ್ಯಪಿನಲ್ಲಿ ಹಣ ಕಳಿಸಲು ಸಾಮಾನ್ಯವಾಗಿ ಆಗದಿದ್ದರೂ, ಹಣ ಬರಮಾಡಿಕೊಳ್ಳಲು ಸಂಘದ ಹೆಸರಿನ ಕ್ಯೂಆರ್ ಕೊಡಿ ಎಂದು ಬ್ಯಾಂಕನ್ನು ಕೇಳಬಹುದು.

ನಡಾವಳಿ ಪುಸ್ತಕ ಇಲ್ಲವೆಂದು ಹಿಂದಿನ ತಾರೀಕು ಹಾಕಿ ಆರು ಸಭೆಗಳನ್ನು ಒಂದೇ ಪೆನ್ನಿನಲ್ಲಿ ಬರೆಯುವ ಆಸೆ ಬರುತ್ತದೆ. ಬೇಡವೇ ಬೇಡ. ಪುಟಸಂಖ್ಯೆ ಹಾಕಿದ ಹೊಸ ಪುಸ್ತಕ ತೆಗೆದು, ‘ಇಂತಿಂಥ ಅವಧಿಯ ನಡಾವಳಿ ಪುಸ್ತಕ ಈ ದಿನದವರೆಗೆ ಸಮಿತಿಯ ವಶಕ್ಕೆ ಬಂದಿಲ್ಲ’ ಎಂದು ಇದ್ದದ್ದನ್ನು ಇದ್ದಂತೆ ಬರೆದು ಮುಂದುವರಿಯಿರಿ. ಪೊಲೀಸರಿಗೆ ‘ಕಳೆದುಹೋಗಿದೆ’ ಎಂದು ದೂರು ಕೊಡುವ ಸಲಹೆಯನ್ನೂ ಯಾರಾದರೂ ಕೊಟ್ಟೇ ಕೊಡುತ್ತಾರೆ. ಯಾರ ಮನೆಯಲ್ಲಿದೆ ಎಂದು ಗೊತ್ತಿರುವುದು ಕಳೆದುಹೋದದ್ದಲ್ಲ, ಹಾಗೆಂದು ದೂರು ಕೊಟ್ಟರೆ ಸುಳ್ಳು ದೂರು ಕೊಟ್ಟಂತೆ.

ನಾಟಕ ತಂಡಗಳಿಗೆ ಪೆಟ್ಟಿಗೆಯ ಪಾಡೂ ಇದೆ. ಕಿರೀಟ, ಗಡ್ಡಮೀಸೆ, ಜರಿ ಶಲ್ಯ, ಹಾರ್ಮೋನಿಯಂ ಇರುವ ಕೋಣೆಯ ಬೀಗದ ಕೈ ಒಬ್ಬರ ಹತ್ತಿರವೇ ಇದ್ದು, ಪ್ರದರ್ಶನ ನಾಳೆ ಎಂದಾಗ ರಾತ್ರಿ ಬೀಗ ಒಡೆಯುವುದು ನಡೆಯುತ್ತದೆ. ಒಡೆಯಲೇಬೇಕಾದರೆ ಹಗಲಲ್ಲಿ, ಮೂವರ ಎದುರು, ವಿಡಿಯೊ ಮಾಡುತ್ತ ಒಡೆಯಿರಿ. ಒಳಗಿದ್ದದ್ದನ್ನು ಪಟ್ಟಿ ಮಾಡಿ ಮೂವರೂ ಸಹಿ ಹಾಕಿ. ‘ಕಿರೀಟ 4, ಒಂದರ ಮಣಿ ಉದುರಿದೆ’ ಎಂಬಷ್ಟು ವಿವರ ಇರಲಿ, ಯಾಕೆಂದರೆ ಆಮೇಲೆ ಏಳುವ ಮಾತೆಲ್ಲ ಆ ಮಣಿಯ ಬಗ್ಗೆಯೇ. ಹೊಸ ಬೀಗಕ್ಕೆ ಎರಡು ಕೈ, ಇಬ್ಬರ ಮನೆಯಲ್ಲಿ.

ಸಂಘದ ಇಮೇಲ್, ಪ್ಯಾನಿಗೆ ಜೋಡಿಸಿದ ಮೊಬೈಲ್ ಸಂಖ್ಯೆ, ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಬೀಗದ ಕೈಗಳೇ. ಎರಡು ವರ್ಷ ಬಳಸದ ಜಿಮೇಲ್ ಖಾತೆಯನ್ನು ಗೂಗಲ್ ಅಳಿಸಬಹುದು. ಗೈರಾದವರು ಗುಂಪಿನಲ್ಲಿ ಇನ್ನೂ ಇರುವಾಗಲೇ ಇನ್ನೊಬ್ಬರನ್ನು ಅಡ್ಮಿನ್ ಮಾಡಿಸಿಕೊಳ್ಳಿ. ಅದಕ್ಕೆ ಅವರ ಬೆರಳಿನ ಎರಡು ಒತ್ತು ಸಾಕು, ಫೋನ್ ಎತ್ತದವರೂ ಇಷ್ಟು ಮಾಡಿಕೊಡುತ್ತಾರೆ.

ಇಷ್ಟೆಲ್ಲ ಯಾಕೆಂದರೆ, ನೋಂದಾಯಿತ ಸಂಘಕ್ಕೆ ಕಾನೂನಿನ ಗಡಿಯಾರವೂ ಓಡುತ್ತಿರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ 13ನೇ ಕಲಂ ಪ್ರಕಾರ ಮಹಾಸಭೆ ನಡೆದ 14 ದಿನದೊಳಗೆ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿಯವರಿಗೆ ಹೋಗಬೇಕು. ಬಾಕಿ ಬಿದ್ದ ವರ್ಷಗಳಿಗೆ ದಂಡ ತೆರಬೇಕು. ಧನಸಹಾಯಕ್ಕೆ ಅರ್ಜಿ ಹಾಕುವಾಗ ಮೊದಲು ಕೇಳುವುದೂ ಆಡಿಟ್ ಆದ ಲೆಕ್ಕವನ್ನೇ. ಪುಸ್ತಕ ಕೊಡಲು ಖಡಾಖಂಡಿತ ಒಪ್ಪದವರ ವಿಷಯದಲ್ಲಿ 25ನೇ ಕಲಂ ಇದೆ. ಸಮಿತಿಯ ಬಹುಮತ ಅಥವಾ ಸದಸ್ಯರಲ್ಲಿ ಮೂರನೇ ಒಂದು ಭಾಗ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸುತ್ತಾರೆ. ಆದರೆ ಅದು ಕೊನೆಯ ದಾರಿ. ವಿಚಾರಣೆ ಶುರುವಾದರೆ ಬರೀ ಖಜಾಂಚಿಯದಲ್ಲ, ಇಡೀ ಸಂಘದ ಕಾಗದ ಹೊರಗೆ ಬರುತ್ತದೆ. ಮೂವತ್ತು ಜನರ ಸಂಘದಲ್ಲಿ ಎಲ್ಲ ಕಾಗದ ಸರಿಯಿರುವುದು ಅಪರೂಪ.

ಈ ಪತ್ರ ಓದುತ್ತಿರುವವರಲ್ಲಿ ಸಭೆಗೆ ಹೋಗಲಾಗದೆ ಉಳಿದ ಖಜಾಂಚಿಗಳೂ ಇರಬಹುದು. ತಾವು ಹೋಗುವುದು ಬೇಡ. ಚೆಕ್‌ಬುಕ್ಕಿನ ಉಳಿದ ಹಾಳೆಗಳ ಸಂಖ್ಯೆ ಮತ್ತು ನಗದು ಪುಸ್ತಕದ ಕೊನೆಯ ಪುಟದ ಫೋಟೋ ತೆಗೆದುಕೊಂಡು, ಎಲ್ಲವನ್ನೂ ಚೀಲಕ್ಕೆ ಹಾಕಿ, ಹತ್ತಿರದ ಸದಸ್ಯರೊಬ್ಬರನ್ನು ಕರೆದು ಕೊಟ್ಟು, ಒಂದು ಚೀಟಿಗೆ ಅವರ ಸಹಿ ಪಡೆಯಿರಿ. ಆ ಚೀಟಿಯನ್ನು ಮಾತ್ರ ಎಸೆಯಬೇಡಿ.

– ಹವ್ಯಾಸಿ ಸಂಘಗಳ ಲೆಕ್ಕ ಪರಿಶೀಲಿಸುವ ಇಬ್ಬರು, ಶಿವಮೊಗ್ಗ